ಗೂಡ್ಸ್ ಗಾಡಿ ಮಾರಿದರೆ ಚಿಕ್ಕೋಡಿ ರೋಡಿಗೆ ಏನಾಗುತ್ತದೆ?

ಊರಿಗೆ ಹೋದಾಗ ರಾಯಬಾಗದ ಒಂದು ಚಹಾದಂಗಡಿಯಲ್ಲಿ ಕೂತಿದ್ದೆ. ಪರಿಚಯದ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕೂತವರೇ ಮೊಬೈಲ್ ಮುಂದೆ ಹಿಡಿದರು. "ತಮ್ಮಾ, ನೀ ಪೇಪರ್ ಓದಿದಾಂವ. ಇದು ಖರೇ ಏನು ಸುಳ್ಳೋ ನೋಡಿ ಹೇಳು." ವಾಟ್ಸಾಪಿನಲ್ಲಿ ಬಂದ ಸಂದೇಶ. ರೈಲ್ವೆಯ ಸರಕು ಸಾಗಣೆ ಪೂರ್ತಿ ಒಬ್ಬ ದೊಡ್ಡ ಉದ್ಯಮಿಯ ಪಾಲು, ಸಣ್ಣ ಸ್ಟೇಷನ್ನುಗಳೆಲ್ಲ ಬಂದ್, ಮಿರಜ್ ಪ್ಯಾಸೆಂಜರೂ ಬಂದ್ ಎಂದು ಬರೆದಿತ್ತು. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂಬುದಿಲ್ಲ. ಕೊನೆಗೆ ಎಲ್ಲ ಗ್ರೂಪಿಗೂ ಕಳಿಸಿ ಎಂಬ ಅಪ್ಪಣೆ ಮಾತ್ರ ಇತ್ತು.

ಹೀಗೆ ಯಾವ ಆದೇಶವೂ ಇಲ್ಲ ಕಾಕಾ, ಸುಳ್ಳು ಎಂದೆ. ಅವರು ಮೊಬೈಲ್ ಕಿಸೆಗೆ ಹಾಕಿಕೊಂಡು, "ಸುಳ್ಳಾದ್ರ ಚಲೋನ ಆತು. ಆದ್ರ ಬೆಂಕಿ ಇಲ್ದ ಹೊಗಿ ಬರತೈತೇನು?" ಎಂದರು. ಅದಕ್ಕೆ ನನ್ನ ಬಳಿ ತಕ್ಷಣ ಉತ್ತರವಿರಲಿಲ್ಲ. ಬೆಂಕಿ ಇರುವುದು ನಿಜ, ಸಂದೇಶ ತೋರಿಸಿದ ಜಾಗದಲ್ಲಿ ಇಲ್ಲ ಅಷ್ಟೆ.

ಹೊಗೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. 2019ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಕಂಟೇನರ್ ಕಾರ್ಪೊರೇಷನ್ ಆಫ್ ಇಂಡಿಯಾ, ಅಂದರೆ ಕಾನ್‌ಕಾರ್, ಎಂಬ ಸರ್ಕಾರಿ ಕಂಪನಿಯ ಪಾಲು ಮಾರಲು ಒಪ್ಪಿಗೆ ಕೊಟ್ಟಿತು. ಆಗ ಸರ್ಕಾರದ ಕೈಯಲ್ಲಿದ್ದ ಶೇ 54.8ರಲ್ಲಿ ಶೇ 30.8 ಪಾಲನ್ನು, ಆಡಳಿತದ ಹಿಡಿತದ ಸಮೇತ, ಬೇರೆಯವರಿಗೆ ಕೊಡುವುದು ಎಂದು. ಅಲ್ಲಿಂದ ಮುಂದೆ ವರ್ಷಕ್ಕೆ ಎರಡು ಮೂರು ಸಲವಾದರೂ "ಇನ್ನೇನು ಬಿಡ್ ಕರೆಯುತ್ತಾರೆ" ಎಂಬ ಸುದ್ದಿ ಬರುತ್ತಲೇ ಇದೆ. ಕೊಳ್ಳುವವರು ಇಂಥವರು ಎಂದು ಹೆಸರುಗಳೂ ಓಡಾಡಿದವು. 2022ರ ಸೆಪ್ಟೆಂಬರಿನಲ್ಲಿ ರೈಲ್ವೆ ಜಮೀನಿನ ಗುತ್ತಿಗೆ ದರವನ್ನು ಜಮೀನಿನ ಬೆಲೆಯ ಶೇ 6ರಿಂದ ಶೇ 1.5ಕ್ಕೆ ಇಳಿಸಿ, ಅವಧಿಯನ್ನು 35 ವರ್ಷಕ್ಕೆ ಏರಿಸಿದಾಗ, ಮಾರಾಟಕ್ಕೆ ಅಂಗಳ ಸಾರಿಸಿದ್ದಾಯಿತು ಎಂದೇ ಎಲ್ಲರೂ ಬರೆದರು. ಆದರೆ ಮಾರಾಟ ಮಾತ್ರ ಆಗಲಿಲ್ಲ. ಇಷ್ಟು ವರ್ಷ ಹಳಸಿದ ಸುದ್ದಿ ನಮ್ಮ ಕಡೆ ಬರುವಷ್ಟರಲ್ಲಿ ಬಾಲ, ಕೊಂಬು ಎಲ್ಲ ಬೆಳೆಸಿಕೊಂಡಿದೆ.

ಒಂದು ವೇಳೆ ಕಾನ್‌ಕಾರ್ ಮಾರಾಟವಾದರೂ ಹಳಿ ಮಾರಿದಂತಾಗುವುದಿಲ್ಲ. ಕಂಟೇನರ್ ರೈಲಿನ ಲೆಕ್ಕ ಹೀಗಿದೆ: ಹಳಿ, ಸಿಗ್ನಲ್, ಎಂಜಿನ್, ಡ್ರೈವರ್, ಗಾರ್ಡ್ ಎಲ್ಲ ಭಾರತೀಯ ರೈಲ್ವೆಯದ್ದು. ವ್ಯಾಗನ್, ಕಂಟೇನರ್, ಇಳಿಸಿ ಏರಿಸುವ ಟರ್ಮಿನಲ್ ಕಂಪನಿಯದ್ದು. ಗಾಡಿ ಎಳೆದುಕೊಟ್ಟಿದ್ದಕ್ಕೆ ಕಂಪನಿ ರೈಲ್ವೆಗೆ ಹಾಲೇಜ್ ಚಾರ್ಜ್ ಕಟ್ಟುತ್ತದೆ. ಖಾಸಗಿಯವರು ಈ ಧಂದೆಗೆ ಬಂದದ್ದೂ ಇಂದು ನಿನ್ನೆಯಲ್ಲ, 2006ರಿಂದಲೇ ಅವರಿಗೆ ಬಾಗಿಲು ತೆರೆದಿದೆ. ಹಾಗಾಗಿ ನಾಳೆ ಕಾನ್‌ಕಾರ್ ಯಾರ ಕೈಗೆ ಹೋದರೂ ಶೇಡಬಾಳದ ಸ್ಟೇಷನ್ ಮಾಸ್ತರರ ಸಂಬಳ ಕೊಡುವವರು ಬದಲಾಗುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನೂ ಸರ್ಕಾರಿ ಪ್ರಕಟಣೆ ಬರೆದಂತಾಗುತ್ತದೆ. ಕಾಕಾನ ಹೆದರಿಕೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ನಮ್ಮ ಮನೆಯಲ್ಲಿ ಒಬ್ಬರು ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡಿದವರು. ಯಾವ ಸ್ಟೇಷನ್ ಎಂಬುದು ಬೇಡ. ಮೀಟರ್ ಗೇಜ್ ಕಾಲ ಅದು. ಒಂದು ವ್ಯಾಗನ್ ಬೆಲ್ಲ, ಅರ್ಧ ವ್ಯಾಗನ್ ಮೆಣಸಿನಕಾಯಿ, ಯಾರದೋ ಹತ್ತು ಚೀಲ ಜೋಳ, ಇನ್ನಾರದೋ ಎಣ್ಣೆ ಗಾಣದ ಬಿಡಿ ಭಾಗ, ಹೀಗೆ ಸಣ್ಣ ಪುಟ್ಟದ್ದೆಲ್ಲ ಬರುತ್ತಿತ್ತು, ಹೋಗುತ್ತಿತ್ತು. ಗೂಡ್ಸ್ ಗಾಡಿ ಊರೂರಿಗೆ ನಿಂತು ಒಂದೆರಡು ಡಬ್ಬಿ ಬಿಟ್ಟು, ಒಂದೆರಡು ಕಟ್ಟಿಕೊಂಡು ಹೋಗುತ್ತಿತ್ತು. ಆಮೇಲೆ ರೈಲ್ವೆ ಬಿಡಿ ಸಾಮಾನು ಬುಕ್ ಮಾಡಿಕೊಳ್ಳುವುದನ್ನು ಬಿಟ್ಟಿತು. ನಂತರ ಒಂದೆರಡು ವ್ಯಾಗನ್ನಿನ ಲೋಡೂ ಬೇಡವೆಂದಿತು. ಈಗ ಬೇಕಾದದ್ದು ಪೂರ್ತಿ ರೇಕ್, ಒಂದೇ ಕಡೆ ತುಂಬಿ ಒಂದೇ ಕಡೆ ಇಳಿಸುವ ಗಾಡಿ. ಮುಚ್ಚಿದ ಹೊಸ ವ್ಯಾಗನ್ನುಗಳ ರೇಕ್ ಎಂದರೆ 58 ಡಬ್ಬಿ, ಹೆಚ್ಚು ಕಡಿಮೆ ನಾಲ್ಕು ಸಾವಿರ ಟನ್ ಮಾಲು. ಹತ್ತು ಟನ್ನಿನ ಲಾರಿ ಲೆಕ್ಕದಲ್ಲಿ ನಾಲ್ಕು ನೂರು ಲಾರಿ. ಮಿನಿ ರೇಕ್ ಎಂಬ ರಿಯಾಯಿತಿ ಇದ್ದರೂ ಅದಕ್ಕೂ ಇಪ್ಪತ್ತರಷ್ಟು ಡಬ್ಬಿ ಬೇಕು. ಅಥಣಿಯ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ಅಷ್ಟು ಮಾಲನ್ನು ಯಾವ ಜನ್ಮದಲ್ಲಿ ಒಟ್ಟು ಹಾಕಬೇಕು?

ರೈಲ್ವೆಯ ಲೆಕ್ಕಕ್ಕೆ ಇದು ಸರಿಯೇ. ಊರೂರಿಗೆ ನಿಲ್ಲುವ ಗೂಡ್ಸ್ ಗಾಡಿ ದಾರಿಯಲ್ಲೇ ದಿನಗಟ್ಟಲೆ ಕಳೆಯುತ್ತಿತ್ತು, ವ್ಯಾಗನ್ ಎಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸವಾಗಿತ್ತು. ಇಡೀ ಗಾಡಿ ಒಂದೇ ಕಡೆ ಓಡಿದರೆ ಹಳಿ ಖಾಲಿಯಾಗುತ್ತದೆ, ಹಣ ಬೇಗ ಬರುತ್ತದೆ. ಆದರೆ ಇದರಿಂದ ನಮ್ಮ ಸ್ಟೇಷನ್ನುಗಳ ಗೂಡ್ಸ್ ಶೆಡ್ಡಿಗೆ ಬೀಗ ಬಿತ್ತು. ಯಾರೂ ಕೊಂಡುಕೊಂಡಿರಲಿಲ್ಲ, ಯಾರೂ ಮಾರಿರಲಿಲ್ಲ. ಸರ್ಕಾರದ ರೈಲ್ವೆ ಸರ್ಕಾರದ ಕೈಯಲ್ಲಿದ್ದಾಗಲೇ ಸುತ್ತೋಲೆಯ ಮೇಲೆ ಸುತ್ತೋಲೆ ಬಂದು ಆದ ಕೆಲಸ ಇದು. ಪೇಪರಿನಲ್ಲಿ ಒಂದು ಕಾಲಂ ಸುದ್ದಿಯೂ ಆಗಲಿಲ್ಲ. ನಮ್ಮ ಮನೆಯ ಹಮಾಲರು ಆಮೇಲೆ ಕಬ್ಬು ಕಡಿಯಲು ಹೋದರು.

ಇನ್ನೊಂದು ಕಹಿ ಏನೆಂದರೆ, ರೈಲ್ವೆ ಬಿಟ್ಟ ಇಂಥ ಚಿಲ್ಲರೆ ಮಾಲನ್ನು ಮತ್ತೆ ಹಳಿಗೆ ತರಬಹುದಾಗಿದ್ದದ್ದು ಕಂಟೇನರ್. ಒಂದು ಪೆಟ್ಟಿಗೆಗೆ ಇಪ್ಪತ್ತು, ಇಪ್ಪತ್ತೈದು ಟನ್. ಅದನ್ನು ಸಣ್ಣ ವ್ಯಾಪಾರಿಯೂ ತುಂಬಬಲ್ಲ. ಹಾಗೆ ಹತ್ತಾರು ಜನರ ಪೆಟ್ಟಿಗೆ ಸೇರಿದರೆ 45 ವ್ಯಾಗನ್ನಿನ ಒಂದು ಗಾಡಿ ಆಗುತ್ತದೆ, 90 ಪೆಟ್ಟಿಗೆ ಹಿಡಿಸುತ್ತದೆ. 1988ರಲ್ಲಿ ಕಾನ್‌ಕಾರ್ ಹುಟ್ಟಿ, ಮರುವರ್ಷ ರೈಲ್ವೆಯ ಏಳು ಒಳನಾಡು ಡಿಪೊಗಳನ್ನು ವಹಿಸಿಕೊಂಡು ಕೆಲಸ ಆರಂಭಿಸಿದಾಗ, ಬಂದರಿನಿಂದ ದೂರ ಇರುವ ಊರಿಗೆ ಬಂದರನ್ನೇ ತಂದುಕೊಡುವ ಮಾತಿತ್ತು. ಕಾನ್‌ಕಾರ್ ಮಾರಾಟದ ಪ್ರಶ್ನೆ ನಮಗೆ ಮುಟ್ಟುವುದು ಇಲ್ಲಿ. ಸರ್ಕಾರದ ಕಂಪನಿಯಾದರೆ ಲಾಭ ಕಡಿಮೆ ಇರುವ ಕಡೆಯೂ ಒಂದು ಟರ್ಮಿನಲ್ ನಡೆಸು ಎಂದು ಸಂಸದರು ಕೇಳಬಹುದು, ಸಂಸತ್ತಿನಲ್ಲಿ ಪ್ರಶ್ನೆ ಹಾಕಬಹುದು. ಕೇಳಿದರೇ ಎಂಬುದು ಬೇರೆ ಮಾತು. ಖಾಸಗಿ ಕೈಗೆ ಹೋದ ಮೇಲೆ ಆ ಕೇಳುವ ದಾರಿಯೂ ಮುಚ್ಚುತ್ತದೆ. ಕರಾರಿನಲ್ಲಿ ಬರೆದಿದ್ದರೆ ಮಾತ್ರ ಉಳಿಯುತ್ತದೆ.

ಈ ಹಳಿಗೆ ಒಡೆಯರು ಬದಲಾಗುವುದು ಹೊಸದಲ್ಲ. ಲೋಂಡಾದಿಂದ ಬೆಳಗಾವಿ, ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳದ ಮೇಲೆ ಮಿರಜಿಗೆ ಹೋಗುವ ಈ ದಾರಿ ಹಾಕಿದ್ದು 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ. ಡೌಗಿ ಬರದ ಮರುವರ್ಷಗಳು ಅವು, ಬರ ಬಂದರೆ ಕಾಳು ಸಾಗಿಸಲು ಹಳಿ ಬೇಕೆಂಬ ಮಾತು ಅದರ ಹಿಂದೆ ಇತ್ತು. ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು, ಕಚೇರಿ ಮದ್ರಾಸಿಗೆ ಹೋಯಿತು. 1944ರಲ್ಲಿ ಸರ್ಕಾರ ವಹಿಸಿಕೊಂಡಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆ. ಕೊನೆಗೆ 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯ ನೈಋತ್ಯ ರೈಲ್ವೆ. ಧಾರವಾಡದಿಂದ ಹೋದ ಅಧಿಕಾರ ಹುಬ್ಬಳ್ಳಿಗೆ ಮರಳಲು 95 ವರ್ಷ ಹಿಡಿಯಿತು. ನಡುವಿನ ಕಾಲದಲ್ಲಿ ಉಗಾರದ ವ್ಯಾಪಾರಿಗೆ ವ್ಯಾಗನ್ ಸಿಗಲಿಲ್ಲವೆಂದರೆ ಅರ್ಜಿ ಹೋಗಬೇಕಾದದ್ದು ಮದ್ರಾಸಿಗೆ, ಆಮೇಲೆ ಸಿಕಂದರಾಬಾದಿಗೆ. ಈಗಲೂ ಕಾಗವಾಡದವರ ಹತ್ತಿರದ ಜಂಕ್ಷನ್ ಮಿರಜ್ ಇರುವುದು ಮಧ್ಯ ರೈಲ್ವೆಯ ಪುಣೆ ವಿಭಾಗದಲ್ಲಿ. ಒಡೆಯ ಬದಲಾದಾಗ ಮೊದಲು ಬದಲಾಗುವುದು ಅರ್ಜಿ ಕೊಡುವ ಜಾಗ ಎಂಬುದು ಈ ಹಳಿಯಿಂದ ಕಲಿತದ್ದು.

ಅರ್ಜಿಯ ಮಾತು ಬಂದಾಗ ಅಮೆರಿಕದ ಕಡೆ ಒಮ್ಮೆ ನೋಡಬೇಕು. ಅಲ್ಲಿ ಸರಕು ರೈಲ್ವೆ ಎಲ್ಲ ಖಾಸಗಿ ಕಂಪನಿಗಳದ್ದು, ಹಳಿಯೂ ಅವರದ್ದೇ. 2025ರ ಜುಲೈನಲ್ಲಿ ಯೂನಿಯನ್ ಪೆಸಿಫಿಕ್ ಎಂಬ ಕಂಪನಿ ನಾರ್ಫೋಕ್ ಸದರ್ನ್ ಎಂಬ ಇನ್ನೊಂದನ್ನು ಸುಮಾರು 85 ಬಿಲಿಯನ್ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಅದಕ್ಕೂ ಕೆಲವು ವಾರ ಮೊದಲೇ ಗಾಳಿಸುದ್ದಿ ಹಬ್ಬಿತ್ತು. ಆದರೆ ಇಬ್ಬರು ಒಪ್ಪಿದರೆ ಅಲ್ಲಿ ಮುಗಿಯುವುದಿಲ್ಲ. ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡ್ ಎಂಬ ಸಂಸ್ಥೆ ಒಪ್ಪಬೇಕು. ಗೋಧಿ ಬೆಳೆಯುವವರು, ರಾಸಾಯನಿಕ ಕಾರ್ಖಾನೆಯವರು, ದೊಡ್ಡ ಕಂಪನಿಗಳ ಹಳಿಗೆ ಅಂಟಿಕೊಂಡು ಬದುಕುವ ಸುಮಾರು 600 ಸಣ್ಣ ರೈಲ್ವೆಗಳು, ಎಲ್ಲರೂ ಅದರ ಮುಂದೆ ತಕರಾರು ಹಾಕಬಹುದು. ಒಂದು ಕವಲು ದಾರಿ ಬಿಟ್ಟುಬಿಡಬೇಕೆಂದರೂ ಅಲ್ಲಿ ಅನುಮತಿ ಬೇಕು. ಹಾಗೆಂದು ಅಲ್ಲಿ ಎಲ್ಲ ಸುಖವಾಗಿದೆ ಎಂದಲ್ಲ, ಸಾವಿರಾರು ಮೈಲಿ ಹಳಿ ಕಿತ್ತ ದೇಶ ಅದು.

ನಮ್ಮಲ್ಲಿ? ರೈಲು ಅಭಿವೃದ್ಧಿ ಪ್ರಾಧಿಕಾರ ಎಂಬ ನಿಯಂತ್ರಕ ಸಂಸ್ಥೆಗೆ 2017ರ ಏಪ್ರಿಲಿನಲ್ಲಿ ಸಂಪುಟ ಒಪ್ಪಿತು. ಅದಕ್ಕೆ ಇಂದಿಗೂ ಕಾನೂನಿನ ಬಲ ಬಂದಿಲ್ಲ. ಸಾಗಣೆ ದರದ ಮೇಲೆ ದೂರು ಕೇಳಲು ಇದ್ದ ರೈಲ್ವೆ ದರ ನ್ಯಾಯಮಂಡಳಿಯನ್ನು ಅದೇ ವರ್ಷ ಪರಿಹಾರದ ನ್ಯಾಯಮಂಡಳಿಗೆ ಸೇರಿಸಿದರು. ಅಂದರೆ ಆಟಗಾರರನ್ನು ಕರೆಯುವ ಕೆಲಸ ನಡೆದೇ ಇದೆ, ಪಂಚರನ್ನು ಕೂರಿಸುವುದು ಮಾತ್ರ ಉಳಿದುಬಿಟ್ಟಿದೆ. ನನ್ನ ತಕರಾರು ಖಾಸಗಿಯವರು ಬರುವುದಕ್ಕಿಂತ ಇದರ ಮೇಲೆ ಹೆಚ್ಚು.

ಇದೆಲ್ಲ ವ್ಯಾಪಾರಿಗಳ ಮಾತು, ರೈತನಿಗೇನು ಎಂದು ಗೆಳತಿಯೊಬ್ಬಳು ಕರಡು ಓದಿ ಕೇಳಿದಳು. ಬೆಳಗಾವಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆ ಇವೆ. ಉಗಾರದ ಕಾರ್ಖಾನೆಯಂತೂ ಸ್ಟೇಷನ್ ಇರುವ ಊರಿನಲ್ಲೇ ಇದೆ. ನಮ್ಮ ಸಕ್ಕರೆ ನಾವೇ ತಿಂದು ಮುಗಿಸುವಷ್ಟಲ್ಲ, ದೂರದ ರಾಜ್ಯಗಳಿಗೆ ಹೋಗಬೇಕು. ಅಲ್ಲಿನ ಪೇಟೆಯಲ್ಲಿ ಉತ್ತರ ಪ್ರದೇಶದ ಸಕ್ಕರೆಯ ಜೊತೆ ಪೈಪೋಟಿ. ಹಾಗಾಗಿ ಅಲ್ಲಿನ ದರದಲ್ಲಿ ಸಾಗಣೆ ವೆಚ್ಚ ಕಳೆದರೆ ಉಳಿಯುವುದೇ ನಮ್ಮ ಕಾರ್ಖಾನೆಯ ಬಾಗಿಲ ದರ. ಕ್ವಿಂಟಲಿಗೆ ಸಾಗಣೆ ಇಪ್ಪತ್ತು ರೂಪಾಯಿ ಏರಿತೆಂದರೆ ಅದನ್ನು ದೂರದ ಗಿರಾಕಿ ಕೊಡುವುದಿಲ್ಲ, ನಮ್ಮ ಬಾಗಿಲ ದರದಿಂದ ಮುರಿಯುತ್ತದೆ. ಕೇಂದ್ರ ಗೊತ್ತುಮಾಡಿದ ಎಫ್‌ಆರ್‌ಪಿ ಎಂಬುದು ಕನಿಷ್ಠ ದರ, ಅದಕ್ಕಿಂತ ಮೇಲೆ ಎಷ್ಟು ಕೊಡಬಹುದು ಎಂಬ ಜಗಳವೆಲ್ಲ ಈ ಬಾಗಿಲ ದರದ ಸುತ್ತಲೇ ನಡೆಯುತ್ತದೆ. ಗದ್ದೆಯಿಂದ ಕಾರ್ಖಾನೆಗೆ ಬರುವ ಕಟಾವು ಮತ್ತು ಸಾಗಣೆ ಖರ್ಚನ್ನು ರೈತನ ಬಿಲ್ಲಿನಲ್ಲಿ ಹಿಡಿಯುತ್ತಾರೆ ಎಂದು ಎಲ್ಲರಿಗೂ ಗೊತ್ತು. ಕಾರ್ಖಾನೆಯಿಂದ ಆಚೆಗಿನ ಸಾಗಣೆಯೂ ಬೇರೆ ದಾರಿಯಲ್ಲಿ ಅವನ ಬಿಲ್ಲಿಗೇ ಬಂದು ಬೀಳುತ್ತದೆ, ಕಾಣುವುದಿಲ್ಲ ಅಷ್ಟೆ.

2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕೂತರು. 1981ರಲ್ಲಿ ತಂಬಾಕಿನ ಬೆಲೆಗಾಗಿ ನಿಪ್ಪಾಣಿಯಲ್ಲಿ ರೈತರು ಕೂತದ್ದೂ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ. ಪೊಲೀಸರ ಗುಂಡಿಗೆ ರೈತರು ಸತ್ತ ಆ ಚಳವಳಿಯ ನೆನಪು ಗಡಿಯ ಎರಡೂ ಕಡೆ ಇದೆ. ಎರಡೂ ಸಲ ತಡೆದದ್ದು ರಸ್ತೆಯನ್ನೇ, ಏಕೆಂದರೆ ನಮ್ಮ ಮಾಲು ಹೋಗುವುದೇ ಅಲ್ಲಿ. ನಿಪ್ಪಾಣಿಗೆ ರೈಲಿಲ್ಲ. ಅಥಣಿಗೆ ರೈಲಿಲ್ಲ. ಕೊಲ್ಹಾಪುರಿ ಚಪ್ಪಲಿ ಎಂದು ಜಗತ್ತಿಗೆಲ್ಲ ಗೊತ್ತಿರುವುದನ್ನು ಹೊಲಿಯುವ ಕೈಗಳಲ್ಲಿ ಅಥಣಿ, ನಿಪ್ಪಾಣಿಯವೂ ಇವೆ, 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು. ಆ ಚಪ್ಪಲಿ ಊರು ಬಿಡುವುದು ಬಸ್ಸಿನ ಟಾಪಿನ ಮೇಲೋ ಲಾರಿಯಲ್ಲೋ. ಚಿಕ್ಕೋಡಿಗೆ ಹೆಸರಿಗೊಂದು ಸ್ಟೇಷನ್ ಇದೆ, ಆದರೆ ಅದು ಚಿಕ್ಕೋಡಿ ರೋಡ್. ರೈಲ್ವೆಯವರು ಊರಿನ ಹೆಸರಿಗೆ ರೋಡ್ ಎಂದು ಸೇರಿಸಿದರೆ, ಊರು ಇಲ್ಲಿಲ್ಲ, ರೋಡಿನಲ್ಲಿ ಮುಂದೆ ಹೋಗಿ ಎಂದರ್ಥ. ಗೋಕಾಕ ರೋಡಿಗೂ ಅದೇ ಗತಿ.

ಇನ್ನು ಮಿರಜ್ ಪ್ಯಾಸೆಂಜರಿನ ಮಾತು. ಸಂದೇಶದಲ್ಲಿ ಕಾಕಾನಿಗೆ ಚುಚ್ಚಿದ್ದು ಅದೇ ಸಾಲು. ನಮ್ಮ ಕಡೆಯವರಿಗೆ ಮಿರಜ್ ಎಂದರೆ ದವಾಖಾನೆ. ವಾನ್ಲೆಸ್ ಆಸ್ಪತ್ರೆ 1894ರಿಂದ ಇದೆ, ಅದರ ಸುತ್ತ ಒಂದು ಆಸ್ಪತ್ರೆಗಳ ಊರೇ ಬೆಳೆದಿದೆ. ಮುಂಜಾನೆ ಗಾಡಿ ಹತ್ತಿ, ತೋರಿಸಿಕೊಂಡು, ಸಂಜೆ ಗಾಡಿಗೆ ಮರಳುವವರು ಎಷ್ಟೋ ಜನ. ಆ ಟಿಕೆಟಿನ ಹಣದಲ್ಲಿ ರೈಲು ಓಡುವುದಿಲ್ಲ. ಪ್ರಯಾಣಿಕರ ಟಿಕೆಟ್ ಖರ್ಚಿನ ಅರ್ಧದ ಆಸುಪಾಸು ಮಾತ್ರ ತುಂಬುತ್ತದೆ ಎಂದು ರೈಲ್ವೆಯೇ ಹೇಳುತ್ತದೆ, ಉಳಿದದ್ದು ಬಹುಪಾಲು ಸರಕಿನ ಗಳಿಕೆಯಿಂದ ಬರಬೇಕು. ಸಿಮೆಂಟ್, ಕಲ್ಲಿದ್ದಲು, ಕಂಟೇನರ್ ಎಂದು ದುಡ್ಡು ಬರುವ ಸರಕೆಲ್ಲ ಒಂದೊಂದಾಗಿ ಬೇರೆಯವರ ಲೆಕ್ಕಕ್ಕೆ ಹೋದಷ್ಟೂ ಪ್ಯಾಸೆಂಜರ್ ಗಾಡಿಯ ನಷ್ಟ ಎದ್ದು ಕಾಣುತ್ತದೆ. ಗಾಡಿಯನ್ನು ಒಂದೇ ಸಲ ನಿಲ್ಲಿಸಬೇಕೆಂದೂ ಇಲ್ಲ. ಕೊರೊನಾ ಬಂದಾಗ ನಿಂತ ಪ್ಯಾಸೆಂಜರ್ ಗಾಡಿಗಳು ದೇಶದೆಲ್ಲೆಡೆ ಮರಳಿದ್ದು ಎಕ್ಸ್‌ಪ್ರೆಸ್ ಸ್ಪೆಷಲ್ ಎಂಬ ಹೆಸರಿನಲ್ಲಿ. ಅದೇ ಗಾಡಿ, ಅದೇ ವೇಗ, 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ಆಯಿತು. 2024ರ ಫೆಬ್ರುವರಿಯಲ್ಲಿ, ಚುನಾವಣೆ ಹತ್ತಿರ ಬಂದಾಗ, ಮತ್ತೆ ಇಳಿಯಿತು. ಇದನ್ನು ಮಾಡಿದ್ದೂ ಯಾವ ಖಾಸಗಿ ಕಂಪನಿಯಲ್ಲ.

ಹಾಗಾದರೆ ನಾವು ಕಣ್ಣಿಡಬೇಕಾದ ಜಾಗ ಯಾವುದು? ಕಾನ್‌ಕಾರ್ ಯಾರ ಪಾಲು ಎಂಬುದಕ್ಕಿಂತ, 2021ರ ಆಗಸ್ಟಿನಲ್ಲಿ ಕೇಂದ್ರ ಹೊರಡಿಸಿದ ರಾಷ್ಟ್ರೀಯ ನಗದೀಕರಣ ಪಟ್ಟಿಯ ಒಂದು ಸಾಲು ನನಗೆ ಹೆಚ್ಚು ಹತ್ತಿರದ್ದು ಅನಿಸುತ್ತದೆ. ಅದರಲ್ಲಿ 400 ಸ್ಟೇಷನ್, 90 ಪ್ರಯಾಣಿಕ ರೈಲು, 741 ಕಿ.ಮೀ. ಕೊಂಕಣ ರೈಲ್ವೆಯ ಜೊತೆ 265 ಗೂಡ್ಸ್ ಶೆಡ್ಡುಗಳನ್ನೂ ಖಾಸಗಿಯವರಿಗೆ ಗುತ್ತಿಗೆ ಕೊಡುವ ಲೆಕ್ಕವಿತ್ತು. ಪೇಪರಿನವರು ಸ್ಟೇಷನ್ ಮತ್ತು ರೈಲಿನ ಸುದ್ದಿ ಮಾಡಿದರು, ಶೆಡ್ ಯಾರಿಗೆ ಬೇಕು? ಆದರೆ ಶೆಡ್ಡಿನ ಗುತ್ತಿಗೆ ಹಿಡಿದವನೇ ಯಾರ ಮಾಲು ಮೊದಲು, ಯಾರದ್ದು ಮಳೆಯಲ್ಲಿ ಎಂದು ನಿರ್ಧರಿಸುವವನು. ಒಂದು ದೊಡ್ಡ ಕಾರ್ಖಾನೆಯೇ ಗುತ್ತಿಗೆ ಹಿಡಿದರೆ ಪಕ್ಕದ ಸಣ್ಣ ಕಾರ್ಖಾನೆಗೆ, ರೈತರ ಉತ್ಪಾದಕ ಕಂಪನಿಗೆ ಜಾಗ ಸಿಗುತ್ತದೆ ಎಂದು ಯಾರು ಹೇಳಬೇಕು?

ಷರತ್ತು ಹಾಕಬಹುದು ಎಂಬುದಕ್ಕೆ ಉದಾಹರಣೆ ದೂರ ಇಲ್ಲ. ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡುವ ಮಾತು ಬಂದಾಗ, ಅದರಲ್ಲಿ ಶೇ 22 ಪಾಲಿದ್ದ ಮಹಾರಾಷ್ಟ್ರ 2025ರಲ್ಲಿ ಒಪ್ಪಿದ್ದು ಎರಡು ಷರತ್ತಿನ ಮೇಲೆ: ಕೊಂಕಣ ರೈಲ್ವೆ ಎಂಬ ಹೆಸರು ಉಳಿಯಬೇಕು, ತಾನು ಹಾಕಿದ ಹಣ ಮರಳಬೇಕು. ಶೇ 15 ಪಾಲಿದ್ದ ಕರ್ನಾಟಕವೂ ಒಪ್ಪಿತು. ದುಡ್ಡು ಹಾಕಿದವರಿಗೆ ಮಾತಾಡುವ ಹಕ್ಕಿದೆ ಎಂದಾಯಿತು.

ನಮ್ಮ ಭಾಗದಲ್ಲೂ ಕರ್ನಾಟಕ ದುಡ್ಡು ಹಾಕುತ್ತಿರುವ ಹಳಿ ಒಂದಿದೆ. 2010–11ರಲ್ಲಿ ಮಂಜೂರಾದ 142 ಕಿ.ಮೀ. ಬಾಗಲಕೋಟೆ–ಕುಡಚಿ ಮಾರ್ಗ. ಬಾಗಲಕೋಟೆಯ ಕಡೆಯಿಂದ ತೆವಳುತ್ತ ಬರುತ್ತಿದೆ, ಕುಡಚಿ ಇನ್ನೂ ದೂರ. ಇದರ ವೆಚ್ಚದಲ್ಲಿ ರಾಜ್ಯದ ಪಾಲಿದೆ. ದಾರಿಯುದ್ದಕ್ಕೂ ಸಿಮೆಂಟ್ ಮತ್ತು ಸಕ್ಕರೆ, ಹಾಗಾಗಿ ಹಳಿ ಮುಗಿದ ದಿನ ಸರಕು ಕಂಪನಿಗಳು ಸಾಲು ಹಚ್ಚುತ್ತವೆ. ಅವರು ಬರಲಿ, ನನ್ನ ಅಡ್ಡಿಯಿಲ್ಲ. ಆದರೆ ಕುಡಚಿಯಲ್ಲಿ ಎರಡು ದಾರಿ ಸೇರುವ ಜಾಗದಲ್ಲಿ ಬರುವ ಗೂಡ್ಸ್ ಶೆಡ್ ಎಲ್ಲರಿಗೂ ತೆರೆದಿರಬೇಕು, ಒಂದು ಪೆಟ್ಟಿಗೆ ತಂದವನ ಮಾಲನ್ನೂ ಪಾಳಿಯಲ್ಲಿ ತೆಗೆದುಕೊಳ್ಳಬೇಕು, ಶೆಡ್ಡಿನ ದರಪಟ್ಟಿಯನ್ನು ಕನ್ನಡದಲ್ಲಿ ಗೋಡೆಗೆ ಬರೆದಿರಬೇಕು ಎಂದು ರಾಜ್ಯ ಈಗಲೇ ಬರಹದಲ್ಲಿ ಕೇಳಬಹುದು. ಹಳಿ ಮುಗಿದು ಗುತ್ತಿಗೆ ಆದ ಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಶೇಡಬಾಳದಿಂದ ಅಥಣಿಯ ಮೇಲೆ ವಿಜಯಪುರಕ್ಕೆ, ಕೊಲ್ಹಾಪುರದಿಂದ ನಿಪ್ಪಾಣಿಯ ಮೇಲೆ ಬೆಳಗಾವಿಗೆ ಹಳಿ ಬೇಕೆಂಬ ಹಳೆಯ ಬೇಡಿಕೆಗಳೂ ಇವೆ. ಅವು ಎಂದಾದರೂ ಕೈಗೂಡಿದರೆ ಇದೇ ಕರಾರನ್ನು ನಕಲು ಮಾಡಿ ಹಚ್ಚಬಹುದು.

ಹುಬ್ಬಳ್ಳಿ ವಿಭಾಗಕ್ಕೆ ರೈಲ್ವೆ ಬಳಕೆದಾರರ ಸಲಹಾ ಸಮಿತಿ ಎಂದು ಒಂದಿದೆ. ಅದರಲ್ಲಿ ಹೊಸ ಗಾಡಿ ಬಿಡಿ, ಗಾಡಿ ನಿಲ್ಲಿಸಿ, ಪ್ಲಾಟ್‌ಫಾರ್ಮಿಗೆ ನೆರಳು ಹಾಕಿ ಎಂಬ ಬೇಡಿಕೆ ಬರುತ್ತವೆ, ಬರಲೇಬೇಕು. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೆಚ್ಚಿನ ಗಾಡಿ ಬೇಕೆಂದು ಯಾರಾದರೂ ಕೇಳಬೇಕಲ್ಲ. ಗೂಡ್ಸ್ ಶೆಡ್ಡಿನ ಮಾತನ್ನು ಎತ್ತುವವರು ಬೇಕಾಗಿದ್ದಾರೆ. ಕಾರ್ಖಾನೆಗಳ ನಿರ್ದೇಶಕರು, ಎಪಿಎಂಸಿಯವರು ಈ ಐದೂ ತಾಲ್ಲೂಕಿನಲ್ಲಿ ಕಡಿಮೆಯಿಲ್ಲ.

ನಮ್ಮ ಕೈಲಾಗುವ ಕೆಲಸ ಚಿಕ್ಕದು. ಚಿಕ್ಕೋಡಿ ರೋಡಿನಿಂದ ಶೇಡಬಾಳದವರೆಗೆ ಎಷ್ಟು ಗೂಡ್ಸ್ ಶೆಡ್ ಈಗ ತೆರೆದಿವೆ, ಕಳೆದ ಐದು ವರ್ಷದಲ್ಲಿ ಅಲ್ಲಿಂದ ಎಷ್ಟು ರೇಕ್ ಹೋದವು, ಯಾವ ಶೆಡ್ಡನ್ನಾದರೂ ಗುತ್ತಿಗೆಯ ಪಟ್ಟಿಯಲ್ಲಿ ಹಾಕಿದ್ದಾರೆಯೇ ಎಂದು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇವೆ. ಈ ವಾರ ಹಾಕುತ್ತೇವೆ. ಉತ್ತರ ಬಂದ ದಿನ ಇಲ್ಲೇ ಹಾಕುತ್ತೇವೆ, ಕಾಕಾನ ವಾಟ್ಸಾಪಿಗೂ ಕಳಿಸುತ್ತೇನೆ.